ಮೂರು ಚುಕ್ಕೆಯ ಗೇರ್‌ಬಾಕ್ಸ್

ಗೇರ್ ಮಾವನಿಗೆ ಹನ್ನೆರಡು ವಾರದ ಕೂಲಿ ಇನ್ನೂ ಬರಬೇಕು. ಕೊಡಬೇಕಾದವನು ವರ್ಕ್‌ಶಾಪಿನ ಸಾಹುಕಾರ. ಕೊಡದಿರುವುದಕ್ಕೆ ಈಗಿನ ನೆಪ ಮೂರು ಚುಕ್ಕೆ.

ಮೂವತ್ತೊಂದು ವರ್ಷದಿಂದ ಮಾವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಿದ್ದಾನೆ. ಆಯಿಲನ್ನು ಬೆರಳಿಗೆ ಹಚ್ಚಿ ಮೂಸಿದರೆ ಸಾಕು, ಒಳಗೆ ಕ್ಲಚ್ ಪ್ಲೇಟು ಸುಟ್ಟಿದೆಯೋ ಇಲ್ಲವೋ ಹೇಳುತ್ತಾನೆ. ಊಟಕ್ಕೆ ಕೂತರೂ ಬೆರಳು ಮೂಸುವ ಚಾಳಿ. ತನ್ನ ಅಡುಗೆ ಸೀದಿದೆ ಎನ್ನುತ್ತಿದ್ದಾನೆಂದು ಹೆಂಡತಿ ಮೊದಮೊದಲು ಜಗಳವಾಡಿದ್ದಳು. ಕಟ್ಟಿದ್ದು ತನಗೆ ಒಪ್ಪಿಗೆಯಾದರೆ ಮಾತ್ರ ಗೇರ್‌ಬಾಕ್ಸಿನ ಕೆಳಮೂಲೆಯಲ್ಲಿ ಉಕ್ಕಿನ ಪಂಚಿಟ್ಟು ಮೂರು ಚುಕ್ಕೆ ಹೊಡೆಯುತ್ತಾನೆ, ಒಲೆಯ ಮೂರು ಕಲ್ಲಿನ ಹಾಗೆ. ಗಿರಾಕಿಗಳು ಬಗ್ಗಿ ಅದನ್ನು ನೋಡಿಯೇ ಗಾಡಿ ಒಯ್ಯುವುದು.

ಕೆಟ್ಟು ನಿಂತ ಲಾರಿಗಳನ್ನು ಎಳೆಯುವ ಗಾಡಿಯೊಂದು ಬಂತು. ಡ್ರೈವರ್ ಹಳೇ ಎಂಜಿನ್ ಕಿತ್ತು ದುಪ್ಪಟ್ಟು ಶಕ್ತಿಯದನ್ನು ಕೂರಿಸಿದ್ದ. ಅದಕ್ಕೆ ತಕ್ಕ ಗೇರ್‌ಬಾಕ್ಸ್ ಬೇಕಿತ್ತು. ಸಾಹುಕಾರನ ಗೋಡೌನಿನಲ್ಲಿ ಚಿಕ್ಕದೊಂದು ಧೂಳು ತಿನ್ನುತ್ತಿತ್ತು. ಹಿಡಿದು ನೋಡಿದರೆ ಬೋಲ್ಟಿನ ತೂತುಗಳೆಲ್ಲ ತಾಳೆಯಾದವು.

“ನೋಡು ಮಾವ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ!” ಎಂದ ಸಾಹುಕಾರ.

“ಆನೆ ಎಳೆಯೋ ಭಾರಕ್ಕೆ ಆಡು ಕಟ್ತೀರಾ ಸಾಹುಕಾರ್ರೇ? ತೂತು ಬಿಡಿ, ಎಂಜಿನ್ನು ಎಷ್ಟು ಜೋರಾಗಿ ತಿರುಚುತ್ತೆ ಅದನ್ನ ನೋಡಿ. ತುಂಬಿದ ಲಾರಿ ಎಳ್ಕೊಂಡು ಏರು ಹತ್ತಿದ್ರೆ ಪ್ಲೇಟು ಜಾರಿ ಜಾರಿ ಸುಟ್ಟೋಗುತ್ತೆ. ದೊಡ್ಡದೇ ಬೇಕು.”

“ನೀನು ಮೆಕ್ಯಾನಿಕ್ಕೋ, ಭವಿಷ್ಯ ಹೇಳೋನೋ? ಚುಕ್ಕೆ ಹೊಡಿ.”

“ಹೊಡಿಯಲ್ಲ.”

“ಹಾಗಾದ್ರೆ ಬಾಕಿ ಕೂಲೀನೂ ಇಲ್ಲ.”

ಆ ಬಾಕಿಯನ್ನು ಅವನು ಅದಾಗಲೇ ಹನ್ನೆರಡು ಸೋಮವಾರ ಮುಂದೂಡಿದ್ದ. ಮಾವ ಪಂಚನ್ನು ಜೇಬಿಗಿಳಿಸಿ ಮನೆಗೆ ಬಂದ.

“ಮೂರು ಚುಕ್ಕೆ ಹೊಡೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದಳು ಹೆಂಡತಿ.

“ಗಂಟಲ್ಲ ಕಣೆ, ಡ್ರೈವರ್ ಪ್ರಾಣ ಹೋಗುತ್ತೆ.”

“ಸರಿ. ಅಕ್ಕಿ ಡಬ್ಬಕ್ಕೂ ಅದನ್ನೇ ಹೇಳಿ.”

ಮರುದಿನ ಮಾವ ಡ್ರೈವರನ್ನು ಹುಡುಕಿ ಹೇಳಿದ. ರಾತ್ರಿಯೇ ಸಾಹುಕಾರ ಆ ಚಿಕ್ಕದನ್ನು ಬೇರೆಯವರ ಕೈಲಿ ಕೂರಿಸಿಯಾಗಿತ್ತು. ಅವನು ನಕ್ಕು ಗಾಡಿಯ ಅಡಿ ತೋರಿಸಿದ. ಅಲ್ಲಿ ಮೂರು ಚುಕ್ಕೆ ಇದ್ದವು, ಒಂದೇ ಸಾಲಿನಲ್ಲಿ.

“ಇದು ನಂದಲ್ಲಪ್ಪ. ಸಾಹುಕಾರ ಹೊಡೆದಿರೋದು.”

“ಚುಕ್ಕೆ ಅಂದ್ರೆ ಚುಕ್ಕೆ ಮಾವ. ಅದಕ್ಕೂ ಸಹಿ ಹಾಕಿಸ್ಬೇಕಾ?”

ಹದಿನೆಂಟನೇ ದಿನ ಏರಿನಲ್ಲಿ ಎಂಜಿನ್ ಅರಚಿತು, ಚಕ್ರ ತಿರುಗಲಿಲ್ಲ. ಬ್ರೇಕು ಭಾರ ತಡೆಯದೆ ಲಾರಿ ಸಮೇತ ಗಾಡಿ ಹಿಂದಕ್ಕೆ ಜಾರಿತು. ಡ್ರೈವರ್ ಅದನ್ನು ಮಣ್ಣಿನ ದಿಬ್ಬಕ್ಕೆ ತಿರುಗಿಸಿ ಬದುಕಿಕೊಂಡ. ಭುಜದ ಮೂಳೆ ಬದುಕಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿದರೆ ಪ್ಲೇಟೆಲ್ಲ ಇದ್ದಿಲು.

ಕೆಲಸಗಾರನ ಕೈ ಕೆಟ್ಟದ್ದು ಎಂದ ಸಾಹುಕಾರ, ಗೇರ್‌ಬಾಕ್ಸಿನ ಬೆಲೆಯನ್ನು ಮಾವನ ಹನ್ನೆರಡು ವಾರದಿಂದ ಮುರಿದುಕೊಂಡ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಕೈಗೆ ಜೋಳಿಗೆ ಕಟ್ಟಿಸಿಕೊಂಡಿದ್ದ ಡ್ರೈವರನ್ನು ಮಾವ ವರ್ಕ್‌ಶಾಪಿಗೆ ಕರೆತಂದ. ಸಾಹುಕಾರನ ಮುಂದೆಯೇ, ಸಾಲುಚುಕ್ಕೆಯ ಪಕ್ಕದಲ್ಲಿ ತಗಡಿನ ಚೂರೊಂದನ್ನಿಟ್ಟು ಅದರ ಮೇಲೆ ತನ್ನ ಮೂರು ಹೊಡೆದು ತೋರಿಸಿದ. ಡ್ರೈವರ್ ಬಗ್ಗಿ ನೋಡಿ, “ಹೌದು ಸಾಹುಕಾರ್ರೇ, ಬೇರೆ ಬೇರೆ ಕೈ” ಎಂದ.

ಸಾಹುಕಾರನೂ ಬಗ್ಗಿ ನೋಡಿದ. “ಸೋಮವಾರ ಬಾ” ಎಂದ.

ನಿಮ್ಮ ಗಾಡಿಯ ಅಡಿಗೂ ಒಮ್ಮೆ ಬಗ್ಗಿ ನೋಡಿ. ಒಲೆಗಲ್ಲಿನಂಥ ಮೂರು ಚುಕ್ಕೆ ಕಂಡರೆ, ಇಷ್ಟು ದಿನ ನೀವು ಏರು ಹತ್ತಿದ್ದು ಮಾವನ ಕೈಯಿಂದ. ಮರುಕ ಮನೆಯಲ್ಲೇ ಇರಲಿ. ಸೋಮವಾರ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲಿಗೆ ನೀವು ಬನ್ನಿ. ಹನ್ನೆರಡು ವಾರದ ಕೂಲಿ ಅವನ ಕೈಗೆ ಬೀಳುವವರೆಗೆ ಅಲ್ಲಿಂದ ಕದಲಬೇಡಿ.