ನನ್ನ ಕೋಟಿಂಗಿಗೇ ಬಂದ ರೋಗ

ಟಿ. ದಾಸರಹಳ್ಳಿಯಿಂದ ಪೀಣ್ಯದೊಳಕ್ಕೆ ಹೊರಳುವ ರಸ್ತೆಯಲ್ಲಿ ನಾನು ಕೆಲಸ ಮಾಡುವ ಕೋಟಿಂಗ್ ಫ್ಯಾಕ್ಟರಿ ಇದೆ. ಲೋಹ ಕೊರೆಯುವ ಡ್ರಿಲ್ ಬಿಟ್ಟುಗಳು ಬೇಗ ಸವೆಯದಂತೆ ಅವುಗಳ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಗಟ್ಟಿ ಪದರ ಕೂರಿಸುತ್ತೇವೆ. ಗಾಳಿಯನ್ನೆಲ್ಲ ಹೀರಿ ತೆಗೆದ ಬಿಸಿ ಚೇಂಬರಿನಲ್ಲಿ ಲೋಹ ಆವಿಯಾಗಿ ಬಂದು ಡ್ರಿಲ್ಲಿಗೆ ಅಂಟಿಕೊಳ್ಳುತ್ತದೆ. ಬಂಗಾರದ ಬಣ್ಣದ ಹಳೆಯ ಕೋಟಿಂಗಿನಿಂದಲೇ ಫ್ಯಾಕ್ಟರಿ ನಡೆಯುತ್ತಿತ್ತು. ನಾನು ತಾಮ್ರದ ಬಣ್ಣದ ಹೊಸದೊಂದನ್ನು ಹಿಡಿದು ಕೂತೆ. ಅದು ನ್ಯಾನೋ ಕಾಂಪೋಸಿಟ್. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಸಂದಿಯಲ್ಲಿ ಇನ್ನೊಂದು ವಸ್ತು ಗಾರೆಯ ಹಾಗೆ ತುಂಬಿಕೊಂಡು ಪದರ ಇನ್ನಷ್ಟು ಗಟ್ಟಿಯಾಗುತ್ತದೆ.

ಫ್ಯಾಕ್ಟರಿಯ ಯಜಮಾನರು ಬಾಗಲಗುಂಟೆಯ ಹಳೇ ಮನೆತನದವರು. ನನ್ನ ಕೋಟಿಂಗ್ ಅವರಿಗೆ ಅಷ್ಟಕ್ಕಷ್ಟೇ ಎಂದು ನಾನು ತಿಳಿದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಟೀ ಹೊತ್ತಿನಲ್ಲಿ ಎಲ್ಲರೆದುರು ರೇಗಿಸುತ್ತಿದ್ದರು. ನಾನೂ ಬಾಯಿ ಮುಚ್ಚಿಕೊಂಡಿರುವವಳಲ್ಲ, ನಿಮ್ಮ ಬಂಗಾರ ಅಜ್ಜಿಯ ಕಾಲದ್ದು ಎನ್ನುತ್ತಿದ್ದೆ.

ಆದರೆ ನನ್ನ ಹೆಗ್ಗಣಕ್ಕೆ ನಿಜವಾಗಿಯೂ ರೋಗ ಬಂದಿತ್ತು. ಪ್ರತಿ ಸಲ ಡ್ರಿಲ್ಲುಗಳ ಜೊತೆ ಟ್ರೇಯಲ್ಲಿ ಒಂದು ಚಪ್ಪಟೆ ಬಿಲ್ಲೆಯನ್ನೂ ಇಡುತ್ತೇವೆ. ಕೋಟಿಂಗ್ ಆದ ಮೇಲೆ ಅದರ ಮೇಲೆ ವಜ್ರದ ಮೊನೆಯೊಂದನ್ನು ಭಾರ ಹೆಚ್ಚಿಸುತ್ತ ಎಳೆದು, ಬಿದ್ದ ಗೀರನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ನನ್ನ ಬಿಲ್ಲೆಯಲ್ಲಿ ಗೀರು ನಡುವಿಗೆ ಬರುತ್ತಲೇ ಪದರ ಸಿಪ್ಪೆ ಏಳುತ್ತಿತ್ತು. ಅದೇ ಚೇಂಬರಿನಿಂದ ಬಂದ ಬಂಗಾರದ ಬಿಲ್ಲೆಗೆ ಏನೂ ಆಗುತ್ತಿರಲಿಲ್ಲ. ಚೇಂಬರಿಗೆ ಬಿಡುವ ಗ್ಯಾಸ್ ಬದಲಿಸಿದೆ, ಬಿಸಿ ಹೆಚ್ಚಿಸಿದೆ, ತೊಳೆಯುವ ನೀರಿಗೂ ಶಾಪ ಹಾಕಿದೆ. ಕೊನೆಗೆ ಯಜಮಾನರು, ಇನ್ನೊಂದು ಸಲ ನೋಡು, ಆಗಲೂ ಸಿಪ್ಪೆ ಎದ್ದರೆ ಇದನ್ನು ಇಲ್ಲಿಗೇ ಬಿಡೋಣ ಎಂದುಬಿಟ್ಟರು. ಅವತ್ತು ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಗ್ಲೌಸ್ ಹಾಕಿ ಎಲ್ಲವನ್ನೂ ನಾನೇ ತೊಳೆದು, ಟ್ರೇಯನ್ನು ಚೇಂಬರಿನ ಮುಂದಿಟ್ಟು ಗ್ಯಾಸ್ ನೋಡಲು ಹೋದೆ. ತಿರುಗಿ ಬರುವಾಗ ಯಜಮಾನರು ದೇವರ ಪಟಕ್ಕೆ ದೀಪ ಹಚ್ಚಿ ಸೀದಾ ನನ್ನ ಟ್ರೇಯ ಬಳಿ ಬಂದರು. ಆಚೀಚೆ ನೋಡಿದರು. ಬಿಲ್ಲೆಯ ನಡುವನ್ನು ಬರಿಗೈಯಲ್ಲಿ ಮುಟ್ಟಿ, ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. "ಸರ್, ನಿಮ್ ಕೈಯಲ್ಲಿ ದೀಪದ ಎಣ್ಣೆ ಇದೆ. ಎಣ್ಣೆ ಮೇಲೆ ಯಾವ್ ಕೋಟಿಂಗೂ ಕೂರಲ್ಲ."

ಅವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಪ್ರತಿ ಸಲವೂ ಮುಟ್ಟುತ್ತಿದ್ದಿರಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಹಾಗಾದರೆ ಬಂಗಾರದ್ದನ್ನು ಯಾಕೆ ಮುಟ್ಟುವುದಿಲ್ಲ ಎಂದು ವಕೀಲರಂತೆ ಪಾಟೀಸವಾಲು ಹಾಕಿದೆ.

"ಅದು ಎಂಗಿದ್ರೂ ಬತ್ತದೆ ಕಣಮ್ಮ," ಎಂದರು ನೆಲ ನೋಡುತ್ತ. "ನಿಂದು ಹೊಸದು. ಒಳ್ಳೇದಾಗ್ಲಿ ಅಂತ."

ಸಿಟ್ಟು ಎತ್ತ ಹೋಯಿತೋ! ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಇಷ್ಟು ದಿನ ಇವರನ್ನು ಮನಸ್ಸಿನಲ್ಲಿ ಬೈದುಕೊಂಡೇ ಟ್ರೇ ತುಂಬುತ್ತಿದ್ದೆನಲ್ಲ ಎನಿಸಿತು.

ಎಲ್ಲವನ್ನೂ ಮತ್ತೆ ತೊಳೆದೆ. ಚೇಂಬರಿನ ಬಾಗಿಲು ಮುಚ್ಚುವವರೆಗೂ ಯಜಮಾನರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು; ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದಕ್ಕೆ ನನ್ನ ಅಡ್ಡಿಯಿರಲಿಲ್ಲ.

ವಜ್ರದ ಮೊನೆ ಈ ಸಲ ಬಿಲ್ಲೆಯ ನಡುವನ್ನು ದಾಟಿ ಕೊನೆಯವರೆಗೂ ಹೋಯಿತು. ಪದರ ಎಲ್ಲೂ ಏಳಲಿಲ್ಲ. ಯಜಮಾನರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ಬಗ್ಗಿದ್ದರು. ಆಮೇಲೆ ಅಂಗೈಯನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು, ಈಗ ಮುಟ್ಟಬಹುದಾ ಎಂದು ನನ್ನನ್ನು ಕೇಳಿದರು.