ಕಾಕಾ ತಂದ ಚೀನಿ ಕಪ್ಪು

ನಾನು ಚಿಕ್ಕವಳಿದ್ದಾಗ ನಡೆದದ್ದಿದು, ಮಕ್ಕಳೇ. ಕೆಲವು ವಿವರ ತಪ್ಪಿರಬಹುದು. ಕಪ್ಪಿನ ಮೇಲಿದ್ದದ್ದು ನೀಲಿ ಹಕ್ಕಿಯೋ ಹೂವೋ, ಈಗ ಖಚಿತವಿಲ್ಲ. ನಾನಾಡಿದ ಮಾತು ಮಾತ್ರ ಮರೆತಿಲ್ಲ.

ಶಲವಡಿಯ ನಮ್ಮ ಮನೆಗೆ ಅಪ್ಪನ ಗೆಳೆಯರೊಬ್ಬರು ದಿನವೂ ಚಹಾಕ್ಕೆ ಬರುತ್ತಿದ್ದರು. ಹತ್ತಿ ವ್ಯಾಪಾರದ ಮುಸ್ಲಿಂ ಮನೆತನದವರು, ನಮಗೆ ಕಾಕಾ. ಒಮ್ಮೆ ಮುಂಬೈಯಿಂದ ಅಪ್ಪನಿಗೆಂದೇ ಒಂದು ಜೋಡಿ ಹಳೆಯ ಚೀನಿ ಕಪ್ಪು ತಂದರು. ಉಗುರಿನಿಂದ ತಟ್ಟಿದರೆ ಟಿಣ್ ಎನ್ನುತ್ತಿದ್ದವು. ಬಿಸಿಲಿಗೆ ಹಿಡಿದರೆ ಒಳಗಿಟ್ಟ ಬೆರಳಿನ ನೆರಳು ಹೊರಗೆ ಕಾಣುತ್ತಿತ್ತು.

“ಹಿಂದಕ ಈ ದೇಶದ ಹತ್ತಿ ಹಡಗಿನ್ಯಾಗ ಚೀನಾಕ ಹೋಗತಿತ್ತವಾ, ಅಲ್ಲಿಂದ ಇಂಥಾವು ಬರತಿದ್ದುವು. ಸಮುದ್ರದಾಚಿ ರಾಜರು ಬಂಗಾರ ಕೊಟ್ಟು ತಗೋತಿದ್ರು. ತಾವೂ ಮಾಡಾಕ ಹೋಗಿ ಎಷ್ಟೋ ವರ್ಷ ಸೋತ್ರು” ಎಂದರು ಕಾಕಾ.

“ಹುಡುಗಿ ಮುಂದ ಬಂಡಲ್ ಬಿಡಬ್ಯಾಡಲೇ” ಎಂದು ಅಪ್ಪ ನಕ್ಕರು.

ಅವ್ವ ಕಪ್ಪುಗಳನ್ನು ಅಡುಗೆಮನೆಗೆ ಒಯ್ಯಲಿಲ್ಲ. ಹಿತ್ತಾಳೆಯಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಶುದ್ಧ ಮಾಡಬಹುದು, ಪಿಂಗಾಣಿ ಹಾಗಲ್ಲ ಎಂದು ಪಡಸಾಲೆಯ ಗೂಡಿನಲ್ಲಿಟ್ಟಳು. ಅಂದಿನಿಂದ ಕಾಕಾನಿಗೆ ಆ ಕಪ್ಪಿನಲ್ಲೇ ಚಹಾ, ಅಪ್ಪನಿಗೆ ಹಿತ್ತಾಳೆ ಲೋಟ. ಎಲ್ಲಕ್ಕಿಂತ ಚೆಂದದ್ದು ಕಾಕಾನಿಗೇ ಸಿಗುತ್ತದೆಂದು ನನಗೆ ಹೊಟ್ಟೆಕಿಚ್ಚು.

ಒಂದು ಮಧ್ಯಾಹ್ನ ಹೇಳಿಯೇಬಿಟ್ಟೆ: “ಕಾಕಾ, ನೀವ ಪುಣ್ಯವಂತರು ನೋಡ್ರಿ. ಆ ಕಪ್ಪು ನಮಗ್ಯಾರಿಗೂ ಮುಟ್ಟಾಕ ಬಿಡಂಗಿಲ್ಲ. ನೀವು ಹೋದಮ್ಯಾಲೆ ಅವ್ವ ಅದನ್ನ ಹೊರಗ ಬ್ಯಾರೆ ತೊಳೀತಾಳ್ರಿ!”

ಅಕ್ಕ ನನ್ನ ಜಡೆ ಹಿಡಿದೆಳೆದಳು. ಅಪ್ಪ ತಲೆ ತಗ್ಗಿಸಿದರು. ಕಾಕಾ ಚಹಾ ಪೂರ್ತಿ ಕುಡಿದರು. ಹೊರಗಿನ ಕಲ್ಲಿನ ಬಳಿ ಹೋಗಿ, ತಾವೇ ಕಪ್ಪು ತೊಳೆದು ಬೋರಲು ಹಾಕಿದರು. “ಬರ್ತೀನವಾ” ಎಂದು ನನ್ನ ತಲೆ ಸವರಿದರು. ನಕ್ಕರೆಂದು ನೆನಪು, ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಮತ್ತೆಂದೂ ಅವರು ಬರಲಿಲ್ಲ. ಅವರ ಮನೆ ಮೂರು ಓಣಿ ಆಚೆಗಿತ್ತು. ಎಷ್ಟೋ ಸಂಜೆ ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿ, ಸುಮ್ಮನೆ ನಿಂತು, ಒಳಗೆ ಬರುತ್ತಿದ್ದರು.

ನಿಮ್ಮ ಗೆಳೆಯರು ಬಂದಾಗ ಕೈಗೆ ಸಿಕ್ಕ ಮಗ್ಗಿನಲ್ಲಿ ಎಲ್ಲರೂ ಹಾಲು ಕುಡಿಯುತ್ತೀರಿ. ನಿಮ್ಮ ಜಗಳವೆಲ್ಲ ಮಗ್ಗಿನ ಮೇಲಿನ ಚಿತ್ರಕ್ಕಾಗಿ. ಅದನ್ನು ನೋಡುತ್ತ ಅಜ್ಜಿ ಯಾಕೆ ಎದ್ದು ಒಳಗೆ ಹೋಗುತ್ತಾಳೆಂದು ಕೇಳಿದ್ದಿರಲ್ಲ, ಅದಕ್ಕೇ ಇದನ್ನೆಲ್ಲ ಬರೆದೆ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿದ್ದೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಬಂತು. “ಅಕ್ಕಾ, ನಾನರ ಸಣ್ಣಾಕಿ. ಅಪ್ಪ ಯಾಕ ಹೋಗಿ ಕರೀಲಿಲ್ಲ?”