ಒಳಕೋಣೆಗೆ ಹೋಗುವ ದಾರಿ

"ಹೆಣ್ಣೇ, ಆಗಳಿಂದ ಎಂತ ಹುಡ್ಕುದ್?" ಎಂದು ಮೀನು ಮಾರುವ ಗಿರಿಜಕ್ಕ ಕೇಳಿದಾಗ ನಾನು ಬೆವರಿ ಹೋಗಿದ್ದೆ. ಅವರ ಮಗಳ ಮದುವೆ ಕಾಗದ ನಾಲ್ಕು ಗಂಟೆಯ ಮುಂಬೈ ಬಸ್ಸಿಗೆ ಹೋಗಬೇಕಿತ್ತು. ಆಗಲೇ ಮೂರು ದಾಟಿತ್ತು.

ಬೈಂದೂರಿನ ನಮ್ಮ ಡಿಟಿಪಿ ಅಂಗಡಿಯಲ್ಲಿ ಎರಡು ಕಂಪ್ಯೂಟರ್. ಕಾಗದ ಸಿದ್ಧಪಡಿಸಿದ್ದು ಒಳಕೋಣೆಯದರಲ್ಲಿ, ಪ್ರಿಂಟರ್ ಇದ್ದದ್ದು ಹೊರಗಿನದಕ್ಕೆ. ಒಳಗಿನ ಫೈಲುಗಳನ್ನು ಹೊರಗಿನಿಂದಲೇ ತೆರೆಯಲು ಪರದೆಯ ಮೇಲೊಂದು ಶಾರ್ಟ್‌ಕಟ್ ಇತ್ತು. ಬೆಳಿಗ್ಗೆ ಅಪ್‌ಡೇಟ್ ಆದ ಮೇಲೆ ಅದು ಮಾಯ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗ್‌ಗಳನ್ನೆಲ್ಲ ಜಾಲಾಡಿದೆ. ಕುಂದಾಪುರದ ಗೆಳತಿಗೆ ಫೋನ್ ಮಾಡಿ ಅವಳು ಹೇಳಿದ್ದನ್ನೆಲ್ಲ ಒತ್ತಿದೆ.

"ನಿಮ್ಮ ಕಾಗ್ದ ಒಳಗಿನ ಕಂಪ್ಯೂಟರಲ್ಲಿತ್ತ್ ಗಿರಿಜಕ್ಕ. ಅಲ್ಲಿಗೆ ಹೋಪ್ ದಾರಿಯೇ ಕಾಂತಿಲ್ಲೆ" ಎಂದೆ.

ಅವರು ನನ್ನ ಬೆನ್ನ ಹಿಂದೆ ನೋಡಿದರು. "ಬಾಗ್ಲ್ ತೆರ್ದೇ ಇತ್ತಲೆ?"

ಪೆನ್‌ಡ್ರೈವ್ ಹಿಡಿದು ಒಳಗೆ ಹೋಗಿ ಬರಲು ಎರಡು ನಿಮಿಷವೂ ಬೇಕಾಗಲಿಲ್ಲ. ಬಸ್ಸು ಸಿಕ್ಕಿತು.

ಮರುದಿನ ಒಳಗಿನ ಕಂಪ್ಯೂಟರಿನ ವಿಳಾಸ ಟೈಪ್ ಮಾಡಿ ಹೊಸ ಶಾರ್ಟ್‌ಕಟ್ ಮಾಡಿಕೊಂಡೆ. ಅದಕ್ಕೆ ಇಟ್ಟ ಹೆಸರು 'ಗಿರಿಜಕ್ಕ'. ಯಾರದು ಎಂದು ಗಿರಾಕಿಗಳು ಕೇಳಿದರೆ, ನಮ್ಮ ಅಂಗಡಿಯ ಕಂಪ್ಯೂಟರ್ ಇಂಜಿನಿಯರ್ ಎನ್ನುತ್ತೇನೆ.